ಸಾಸಿವೆಕಾಳಿನಷ್ಟು ಮಾತ್ರ

ಹೊಸಪೇಟೆಯಲ್ಲಿ ಮನೆ ಅಳಿಯನಾಗಿ ಬಾಳುವವನಿಗೆ ಬೇರೆ ಊರಿನಲ್ಲಿ ಸಿಗದ ಒಂದು ಸಮಾಧಾನವಿದೆ. ಇಲ್ಲಿಂದ ಸ್ವಲ್ಪ ದೂರದಲ್ಲಿ, ಹಂಪಿಯಲ್ಲಿ ಕೂತಿರುವ ದೇವರು ವಿರೂಪಾಕ್ಷನೂ ಮನೆ ಅಳಿಯನೇ. ಪಂಪೆ ಈ ಊರಿನ ಹುಡುಗಿ. ಶಿವ ತಪಸ್ಸಿಗೆಂದು ಬಂದವನು. ಹೇಮಕೂಟದ ಮೇಲೆ ಕಣ್ಣು ಮುಚ್ಚಿ ಕೂತವನನ್ನು ಎಬ್ಬಿಸಲು ಹೋಗಿ ಮನ್ಮಥ ಬೂದಿಯಾದ. ಪಂಪೆ ಹಟ ಬಿಡಲಿಲ್ಲ, ಮದುವೆಯಾಯಿತು. ಆಮೇಲೆ ಅಳಿಯಂದಿರು ಸಾಮಾನು ಕಟ್ಟಿಕೊಂಡು ಕೈಲಾಸಕ್ಕೆ ಹೊರಟ ಸುದ್ದಿ ಯಾವ ಪುರಾಣದಲ್ಲೂ ನನಗೆ ಕಂಡಿಲ್ಲ. ಮೂರು ಲೋಕದ ಒಡೆಯನನ್ನು ಊರಿನವರು ಇವತ್ತಿಗೂ ಪಂಪಾಪತಿ ಎಂದೇ ಕರೆಯುತ್ತಾರೆ. ನಮ್ಮ ಹುಡುಗಿಯ ಗಂಡ, ಅಷ್ಟೇ.

ನಾನೂ ತುಮಕೂರು ಕಡೆಯಿಂದ ಬ್ಯಾಂಕಿನ ಕೆಲಸಕ್ಕೆಂದು ಬಂದವನು. ವರ್ಗವಾದ ದಿನ ವಾಪಸು ಹೋಗುವುದೆಂದು ಹಾಸಿಗೆಯನ್ನೂ ಪೂರ್ತಿ ಬಿಚ್ಚದೆ ಪಟೇಲ್ ನಗರದಲ್ಲಿ ಒಂದು ಮಹಡಿ ಬಾಡಿಗೆಗೆ ಹಿಡಿದೆ. ಕೆಳಗೆ ಮಾಲೀಕರು, ಅವರಿಗೆ ಇಬ್ಬರು ಹೆಣ್ಣುಮಕ್ಕಳು. ಮಹಡಿ ಈಗಲೂ ಅದೇ. ಬಾಡಿಗೆ ಮಾತ್ರ ಕೊಡುತ್ತಿಲ್ಲ.

ಆದರೆ ವಿರೂಪಾಕ್ಷನಿಗೆ ನನಗಿಲ್ಲದ ಒಂದು ಅನುಕೂಲ ಉಂಟು. ಪ್ರತಿ ಚಳಿಗಾಲದಲ್ಲಿ ಫಲಪೂಜೆ ಎಂದು ಅವನಿಗೆ ನಿಶ್ಚಿತಾರ್ಥ ಮಾಡುತ್ತಾರೆ. ಚೈತ್ರದಲ್ಲಿ ಕಲ್ಯಾಣೋತ್ಸವ, ರಥೋತ್ಸವ. ಹೀಗೆ ಅವನು ವರ್ಷವರ್ಷವೂ ಹೊಸ ಅಳಿಯ, ಹೊಸ ಅಳಿಯನ ಮರ್ಯಾದೆ ವರ್ಷವರ್ಷವೂ ನವೀಕರಣ. ನನಗೆ ಮೊದಲ ಯುಗಾದಿ ದಾಟುತ್ತಲೇ ಗ್ಯಾಸ್ ಸಿಲಿಂಡರನ್ನು ಹೊತ್ತು ತಿರುಗುವ ಖಾತೆ ಬಂತು.

ಮಾವ ಹೊಸಪೇಟೆಯವರೇ. ಅತ್ತೆಯ ತವರು ಕಂಪ್ಲಿ. ನಾದಿನಿಯನ್ನು ಸಂಡೂರಿಗೆ ಕೊಟ್ಟಿದೆ. ಅವಳ ಗಂಡ, ಅಂದರೆ ನನ್ನ ಷಡ್ಡಕ, ಗಣಿಯಲ್ಲಿ ಇಂಜಿನಿಯರು. ಎತ್ತರದ ಆಳು, ಕಾರಿದೆ, ಖಾರ ತಿನ್ನುತ್ತಾನೆ. ನನ್ನ ಸಂಸಾರದ ತೊಂದರೆಗಳೆಲ್ಲ ಈ ಮೂರನೆಯ ಗುಣದಿಂದ ಹುಟ್ಟಿದವು.

ನಮ್ಮ ಕಡೆ ಬೆಳಿಗ್ಗೆ ಎದ್ದವನು ತಟ್ಟೆ ಇಡ್ಲಿಯ ಮುಂದೆ ಕೂತರೆ ದಿನ ಮೆಲ್ಲಗೆ ಶುರುವಾಗುತ್ತದೆ. ಹೊಸಪೇಟೆಯಲ್ಲಿ ದಿನ ಸಿಡಿಯುತ್ತದೆ. ಮಂಡಾಳನ್ನು ನೀರಲ್ಲಿ ಅದ್ದಿ, ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಅರಿಸಿನದ ಒಗ್ಗರಣೆಯಲ್ಲಿ ಹೊರಳಿಸಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿ ಕೊಡುತ್ತಾರೆ. ಇಲ್ಲಿಯವರೆಗೆ ನನ್ನ ತಕರಾರಿಲ್ಲ. ಪಕ್ಕದಲ್ಲಿ ಮಿರ್ಚಿ. ಗೇಣುದ್ದದ ಮೆಣಸಿನಕಾಯಿಯನ್ನು ಸೀಳಿ, ಹೊಟ್ಟೆಗೆ ಓಮ-ಉಪ್ಪು ಸವರಿ, ಕಡಲೆಹಿಟ್ಟಿನಲ್ಲಿ ಮುಳುಗಿಸಿ ಕರಿದದ್ದು. ಒಗ್ಗರಣೆಯೊಳಗಿನ ಮೆಣಸಿನಕಾಯಿ ಸಾಲದೆಂದು ಪಕ್ಕದಲ್ಲಿ ಮೆಣಸಿನಕಾಯಿ. ಆ ಮೆಣಸಿನಕಾಯಿಗೆ ನಂಚಿಕೊಳ್ಳಲು ಉಪ್ಪು ಹಚ್ಚಿ ಹುರಿದ ಇನ್ನೊಂದು ಮೆಣಸಿನಕಾಯಿ. ಇದನ್ನು ಬೆಳಿಗ್ಗೆ ಏಳೂವರೆಗೆ, ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಶಾಂತವಾಗಿ ತಿನ್ನುವ ಜನರ ನಡುವೆ ನಾನು ಬಂದು ಬಿದ್ದಿದ್ದೇನೆ.

ಮದುವೆಯ ಮಾತು ಎದ್ದಾಗ ಮಾವ ನನ್ನ ಜಾತಕ ಕೇಳಲಿಲ್ಲ, ಸಂಬಳ ಕೇಳಲಿಲ್ಲ. "ಬರ್ರಿ, ಹಿಂಗ ಅಡ್ಡಾಡಿ ಬರೋಣು" ಎಂದು ಬಜಾರಿನ ಒಂದು ಮಿರ್ಚಿ ಗಾಡಿಯ ಮುಂದೆ ನಿಲ್ಲಿಸಿದರು. ಮೊದಲನೆಯದನ್ನು ಕಚ್ಚಿದೆ. ಗಾಡಿ, ಗಾಡಿಯವನು, ಭಾವೀ ಮಾವ ಎಲ್ಲರೂ ಕಣ್ಣೀರಿನಲ್ಲಿ ಕರಗಿ ಒಂದಾದರು. ಮೂಗು ಬೇರೆ ತನ್ನ ಕೆಲಸ ಶುರು ಮಾಡಿತ್ತು. ಕೊಟ್ಟದ್ದನ್ನು ಬಿಡಬಾರದೆಂದು ಎರಡನೆಯದನ್ನೂ ನುಂಗಿದೆ. ಮಾವ ಮನೆಗೆ ಹೋಗಿ, "ಹುಡುಗ ಭಾಳ ಮೆತ್ತಗ ಮನಸಿನಂವ ಅದಾನ. ಮಗಳ ಹೆಸರು ಎತ್ತಿದ್ದಕ್ಕ ಬಿಕ್ಕಿ ಬಿಕ್ಕಿ ಅತ್ತ" ಎಂದು ವರದಿ ಒಪ್ಪಿಸಿದರಂತೆ. ಸಂಬಂಧ ಕುದುರಿತು. ಮುಂದೆ ಷಡ್ಡಕನಿಗೂ ಅದೇ ಗಾಡಿಯಲ್ಲಿ ಅದೇ ಪರೀಕ್ಷೆ ನಡೆಯಿತು. ಅವನು ತಿಂದು ಮುಗಿಸಿ, "ಇದರೊಳಗ ಮೆಣಸಿನಕಾಯಿ ಹಾಕಿರಲಿಲ್ಲೇನು?" ಎಂದು ಕೇಳಿದನಂತೆ. ಈ ವಾಕ್ಯವನ್ನು ನಮ್ಮ ಮನೆಯಲ್ಲಿ ಹಬ್ಬ ಹರಿದಿನಗಳಲ್ಲಿ ನೆನೆಸಿಕೊಳ್ಳುತ್ತಾರೆ.

ಖಾರದಲ್ಲಿ ಸೋತವನು ಜ್ಞಾನದಲ್ಲಾದರೂ ಗೆಲ್ಲಬೇಕೆಂದು ವಿಜಯನಗರದ ಇತಿಹಾಸ ಓದತೊಡಗಿದೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಆಸುಪಾಸು, ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬರೆದಿಟ್ಟದ್ದನ್ನು ಒಂದು ಭಾನುವಾರ ಊಟಕ್ಕೆ ಕೂತಾಗ ಹೇಳಿದೆ. ಅತ್ತೆಗೆ ಮೊದಲು ಹೆಸರೇ ಹಿಡಿಸಿತು. "ಪಾಯಸ ಅಂತಿದ್ದನೇನು? ಉಂಡುಟ್ಟ ಮನಿತನದಂವ ಇರಬೇಕು." ರಾಯ ಬೆಳಕು ಹರಿಯುವ ಮುಂಚೆಯೇ ಎದ್ದು ಎಳ್ಳೆಣ್ಣೆ ಕುಡಿಯುತ್ತಿದ್ದ, ಮೈಗೂ ಅದನ್ನೇ ಹಚ್ಚಿಸಿಕೊಳ್ಳುತ್ತಿದ್ದ, ಆಮೇಲೆ ಭಾರ ಎತ್ತಿ, ಕತ್ತಿ ತಿರುಗಿಸಿ, ಕುಸ್ತಿ ಮಾಡಿ, ಕುದುರೆ ಹತ್ತಿ ಬಯಲಿನಲ್ಲಿ ಓಡಾಡುತ್ತಿದ್ದ ಎಂದು ಪಾಯಸ್ ಬರೆದಿದ್ದಾನೆ. ನಾನು ಇಡೀ ದಿನಚರಿ ಹೇಳಿದೆ. ಮನೆಯವರ ಕಿವಿಗೆ ಎಣ್ಣೆಯಷ್ಟೇ ಬಿತ್ತು. ಮರುದಿನದಿಂದ ಎಣ್ಣೆಗಾಯಿ ಬದನೆ ಎಣ್ಣೆಯಲ್ಲಿ ಈಜತೊಡಗಿತು. ಶೇಂಗಾ ಹಿಂಡಿಯ ಮೇಲೆ ಎಣ್ಣೆ, ಗುರೆಳ್ಳು ಪುಡಿಯ ನಡುವೆ ಗುಂಡಿ ತೋಡಿ ಎಣ್ಣೆ. ಸಾಕು ಎಂದರೆ, "ರಾಯರು ಕುಡೀತಿದ್ರಂತ, ನಿಮಗ ರೊಟ್ಟಿಗಿ ಹಚ್ಚಿಕೊಳ್ಳಾಕೂ ಆಗಂಗಿಲ್ಲೇನು?" ರಾಯನ ಕುದುರೆಯ ಬದಲು ನನಗೆ ಸ್ಕೂಟರಿದೆ; ಅದು ಕಿಕ್ ಹೊಡೆದರೆ ಏಳುವುದಿಲ್ಲ ಎನ್ನುವುದೊಂದೇ ನನ್ನ ವ್ಯಾಯಾಮ.

ಇತಿಹಾಸ ಹೆಂಡತಿಯ ಕೈಗೂ ಸಿಕ್ಕಿತು. ಹೊಸಪೇಟೆಯನ್ನು ಕೃಷ್ಣದೇವರಾಯ ಕಟ್ಟಿಸಿದ್ದು ತನ್ನ ಪ್ರೀತಿಯ ನಾಗಲಾದೇವಿಗಾಗಿ ಎಂದು ಒಂದು ಕಥೆಯಿದೆ, ಆಗ ಇದರ ಹೆಸರು ನಾಗಲಾಪುರ. "ಅವರು ಹೇಂತಿಗೆ ಊರೇ ಕಟ್ಟಿಸಿದ್ರು. ನಿಮಗ ಅಡಿಗಿಮನ್ಯಾಗ ಒಂದು ಶೆಲ್ಫ್ ಹೊಡಿಯಾಕ ಎಷ್ಟು ದಿನದಿಂದ ಹೇಳಾಕತ್ತೀನಿ?" ಆ ಶೆಲ್ಫು ಇನ್ನೂ ಅಂಗಡಿಯಲ್ಲಿದೆ.

ಬೆಂಗಳೂರು, ತುಮಕೂರುಗಳ ನೆಂಟರಿಗೆ ನಾವು ನೆನಪಾಗುವುದು ಅಕ್ಟೋಬರಿನಿಂದ ಫೆಬ್ರುವರಿಯವರೆಗೆ. 1986ರಲ್ಲಿ ಯುನೆಸ್ಕೊ ಹಂಪಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸುವಾಗ ನಮ್ಮ ಮಹಡಿಯನ್ನೂ ಅನುಬಂಧದಲ್ಲಿ ಸೇರಿಸಿರಬೇಕು. ನೆಂಟರ ಮುಂದೆ ನಾನು ಸ್ಥಳೀಯ. ಅತ್ತೆಯ ಮುಂದೆ ಪರಸ್ಥಳದವನು. ಇಬ್ಬರೂ ಒಂದೇ ಟೆಂಪೊ ಟ್ರಾವೆಲರಿನಲ್ಲಿ ಕೂತಾಗ ಸಮಸ್ಯೆ.

ನಮ್ಮ ದೊಡ್ಡಮ್ಮ ಬಂದಾಗ ಅದೇ ಆಯಿತು. ವಿರೂಪಾಕ್ಷನ ಗುಡಿಯ ಹಿಂಭಾಗದಲ್ಲಿ ಒಂದು ಕತ್ತಲೆ ಕೋಣೆಯಿದೆ. ಗೋಡೆಯ ಸಣ್ಣ ಕಿಂಡಿಯಿಂದ ಬೆಳಕು ನುಗ್ಗಿ, ಒಂಬತ್ತು ಅಂತಸ್ತಿನ ಮಹಾಗೋಪುರದ ನೆರಳು ಎದುರಿನ ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಬೆಳಕು ನೇರ ಗೆರೆಯಲ್ಲಿ ಚಲಿಸುವುದರಿಂದ ಗೋಪುರದ ತುದಿಯ ಕಿರಣ ಕಿಂಡಿ ದಾಟಿ ಕೆಳಕ್ಕೂ, ಬುಡದ ಕಿರಣ ಮೇಲಕ್ಕೂ ಹೋಗುತ್ತದೆ ಎಂದು ನಾನು ಕೈಯೆತ್ತಿ ವಿವರಿಸುತ್ತಿದ್ದೆ. ದೊಡ್ಡಮ್ಮನ ಪಕ್ಕ ನಿಂತಿದ್ದ ಮಾವ ತಗ್ಗಿದ ದನಿಯಲ್ಲಿ, "ಅಳಿಯ ಆಗಿ ಈ ಮನಿಯೊಳಗ ಕುಂತು ನೋಡಿದ್ರ ಹೊರಗಿಂದೆಲ್ಲ ಹಿಂಗಾ ಕಾಣೋದು" ಎಂದರು. ಮಾವನೂ ಕಂಪ್ಲಿಯವರ ಅಳಿಯ ಎನ್ನುವುದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ.

ವಿಠ್ಠಲನ ಗುಡಿಯಲ್ಲಿ ಕಲ್ಲಿನ ರಥದ ಎದುರು ದೊಡ್ಡಮ್ಮನ ಮೊಮ್ಮಗ ಐವತ್ತು ರೂಪಾಯಿಯ ನೋಟು ಹಿಡಿದು, ಅದರ ಹಿಂಬದಿಯ ರಥವನ್ನು ಎದುರಿನ ರಥಕ್ಕೆ ಹೊಂದಿಸಿ ಫೋಟೊ ತೆಗೆಯಲು ಹೊರಟ. ನೋಟು ನನ್ನದು. ಫೋಟೊ ಚೆನ್ನಾಗಿ ಬಂತು, ನೋಟು ಬರಲಿಲ್ಲ. ಎಳನೀರಿನವನ ಕಡೆ ಹೋಯಿತು.

ಎಲ್ಲರೂ ಗೆಲುವಾದದ್ದು ಕಲ್ಲಿನ ಊಟದ ತಟ್ಟೆಗಳ ಹತ್ತಿರ. ಕಾಲುವೆಯ ಎರಡೂ ದಂಡೆಗೆ ಕಲ್ಲಿನಲ್ಲಿ ಸಾಲಾಗಿ ತಟ್ಟೆ ಕಡೆದಿದ್ದಾರೆ. ನಡುವೆ ಅನ್ನಕ್ಕೆ ಹಳ್ಳ, ಸುತ್ತ ಪಲ್ಯ ಚಟ್ನಿಗಳಿಗೆ ಸಣ್ಣ ಬಟ್ಟಲು. ಸಾಮ್ರಾಜ್ಯ, ಯುದ್ಧ, 1565 ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಗಸರ ವಿಚಾರ ಸಂಕಿರಣ ಶುರುವಾಗಿತ್ತು. "ಉಪ್ಪಿಗೆ ಜಾಗ ಯಾವುದು?" ಎಂದು ದೊಡ್ಡಮ್ಮ. "ಆ ತುದೀದು. ಇದು ಉಪ್ಪಿನಕಾಯಿಗೆ, ಇದು ಹಿಂಡಿಗೆ" ಎಂದು ಅತ್ತೆ, ಅಲ್ಲಿ ನಿನ್ನೆ ಉಂಡು ಎದ್ದವರ ಖಚಿತತೆಯಲ್ಲಿ. "ಎಂಜಲು ಎತ್ತೋರು ಯಾರು?" "ಯಾಕ ಎತ್ತಬೇಕು? ಪಕ್ಕದಾಗ ನೀರು ಹರೀತೈತಿ, ನಾಕು ತಂಬಿಗಿ ಸುರುವಿದ್ರ ಆತು." ಅಲ್ಲಿಗೆ ಹೆಂಡತಿಯೂ ಸೇರಿ ಮೂವರೂ ಮೌನವಾಗಿ ನನ್ನ ಕಡೆ ನೋಡಿದರು. ಮನೆಯಲ್ಲಿ ರಾತ್ರಿಯ ಪಾತ್ರೆ ನನ್ನ ಪಾಲಿಗಿದೆ. ನನ್ನ ಕೈಯಿಂದ ಜಾರಿದ ಗಾಜಿನ ತಟ್ಟೆಗಳ ಲೆಕ್ಕ ಹೆಂಡತಿಯ ಹತ್ತಿರ ಇದೆ. ಬಹಮನಿ ರಾಜ್ಯ ಒಡೆದು ಹುಟ್ಟಿದ ಸುಲ್ತಾನರು ಒಟ್ಟಾಗಿ ಬಂದರೂ ಒಡೆಯದ ತಟ್ಟೆಗಳ ಮುಂದೆ ನಿಂತು ಅವಳು ನಿಟ್ಟುಸಿರು ಬಿಟ್ಟಳು.

ಹಸಿದು ಹಂಪಿ ನೋಡಬಾರದು. ಕಣ್ಣಿಗೆ ಬೀಳುವುದೆಲ್ಲ ಅಡುಗೆಮನೆಯ ಡಬ್ಬಿಯ ಹೆಸರುಗಳೇ: ಸಾಸಿವೆಕಾಳು ಗಣಪ, ಕಡಲೆಕಾಳು ಗಣಪ, ಊಟವಾದ ಮೇಲೆ ಪಾನ್ ಸುಪಾರಿ ಬಜಾರು. ಸಾಸಿವೆಕಾಳು ಗಣಪ ಎಂಟಡಿ ಎತ್ತರ, ಕಡಲೆಕಾಳು ಗಣಪ ಹದಿನೈದಡಿ. ಇದು ತಿಳಿದ ದಿನ ನನಗೆ ನಮ್ಮ ಮನೆಯ ಬಡಿಸುವ ಪದ್ಧತಿ ಅರ್ಥವಾಯಿತು. ಅತ್ತೆ ಅನ್ನದ ಸೌಟು ಹಿಡಿದು ಬಂದಾಗ ನಾನು ಎರಡೂ ಕೈ ಅಡ್ಡ ಹಿಡಿಯುತ್ತೇನೆ. ಅವರು, "ಸಾಸಿವೆಕಾಳಿನಷ್ಟು ಹಾಕ್ತೀನಿ, ಸುಮ್ನಿರ್ರಿ" ಎನ್ನುತ್ತಾರೆ. ಸುಳ್ಳು ಹೇಳುವವರಲ್ಲ. ಇಲ್ಲಿಯ ಸಾಸಿವೆಯ ಅಳತೆಯೇ ಅಷ್ಟು.

ಹೊಸಪೇಟೆಯಲ್ಲೇ ಹೀಗಾದರೆ ಕಂಪ್ಲಿಯ ಗತಿ ಹೇಳಬೇಕಿಲ್ಲ. ಹೊಳೆಯ ದಂಡೆಯ ಊರು, ಸುತ್ತ ಬತ್ತದ ಗದ್ದೆ, ಬಾಳೆ, ಕಬ್ಬು. ಅತ್ತೆಯ ಅಣ್ಣ ಅಲ್ಲಿ ನಿವೃತ್ತ ಇತಿಹಾಸದ ಮೇಷ್ಟ್ರು. ಅವರ ಮನೆಗೆ ಊಟಕ್ಕೆ ಹೋಗಿ ಸಂಜೆಯೊಳಗೆ ಹೊರಡುತ್ತೇನೆಂದರೆ ಅವರು ಮುಹಮ್ಮದ್ ಬಿನ್ ತುಘಲಕ್‌ನಿಂದ ಶುರು ಮಾಡುತ್ತಾರೆ. ತುಘಲಕ್‌ನ ಸಂಬಂಧಿಯೇ ಆದ ಬಹಾವುದ್ದೀನ್ ಗುರ್ಷಾಸ್ಪ್ ದಂಗೆ ಎದ್ದು, ಸೋತು, ದಕ್ಷಿಣಕ್ಕೆ ಓಡಿಬಂದು ಕಂಪಿಲರಾಯನ ಮರೆಹೊಕ್ಕ. ಕೊಡು ಎಂದು ದಿಲ್ಲಿಯವರು ಕೇಳಿದರು. ಮರೆಹೊಕ್ಕವನನ್ನು ಕೊಡುವುದಿಲ್ಲ ಎಂದ ರಾಯ. 1327ರ ಹೊತ್ತಿಗೆ ರಾಜ್ಯ ಹೋಯಿತು, ರಾಯ ಹೋದ, ಇಂದಿಗೂ ಜನ ಹಾಡಿಕೊಂಡು ಬಂದಿರುವ ಗಂಡುಗಲಿ ಕುಮಾರರಾಮನೂ ಹೋದ. "ಮನೀಗೆ ಬಂದಂವನ್ನ ಬಿಟ್ಟುಕೊಡಬಾರದಂತ ರಾಜ್ಯಾನ ಕಳಕೊಂಡೋರು ನಾವು. ನಿಮ್ಮನ್ನ ಸಂಜಿ ಬಸ್ಸಿಗೆ ಬಿಟ್ಟುಕೊಡ್ತೀವೇನ್ರೀ ಅಳಿಯಾರ?" ಎಂದು ಇನ್ನೊಂದು ಹೋಳಿಗೆ. ನಾನು ಜಾಣತನ ಮಾಡಿ, ಕೊನೆಗೆ ಆ ಗುರ್ಷಾಸ್ಪ್ ಸಿಕ್ಕಿಬಿದ್ದನಲ್ಲ ಎಂದೆ. ಮೇಷ್ಟ್ರು ಕಾಯುತ್ತಿದ್ದದ್ದು ಅದಕ್ಕೇ. "ಸಿಕ್ಕಿಬಿದ್ದ. ಕೋಟೆ ಉಳಿಯಂಗಿಲ್ಲ ಅಂತ ಗೊತ್ತಾದಾಗ ನಮ್ಮ ರಾಯ ಅವನ್ನ ಜ್ವಾಪಾನವಾಗಿ ತೆಂಕಣ ಸೀಮೆಗೆ, ಹೊಯ್ಸಳ ಬಲ್ಲಾಳನ ಹಂತೇಲಿ ಕಳಿಸಿದ. ಅಂವ ಹಿಡಿದುಕೊಟ್ಟ." ಸ್ವಲ್ಪ ಹೊತ್ತು ಬಿಟ್ಟು ನನ್ನ ಎಲೆಗೆ ತುಪ್ಪ ಸುರಿಯುತ್ತಾ, "ನಿಮ್ಮ ಕಡೆಯೋರು" ಎಂದರು. ಏಳುನೂರು ವರ್ಷದ ಹಿಂದಿನ ಹೊಯ್ಸಳರ ಪರವಾಗಿ ತುಪ್ಪ ಬೇಡವೆನ್ನುವ ಧೈರ್ಯ ನನಗಾಗಲಿಲ್ಲ.

ತುಂಗಭದ್ರೆಯೂ ಅವರ ಪಕ್ಷವೇ. ಜಲಾಶಯದ ಗೇಟುಗಳನ್ನು ತೆರೆದು ಹೊಳೆಗೆ ಜೋರಾಗಿ ನೀರು ಬಿಟ್ಟಾಗಲೆಲ್ಲ ಕಂಪ್ಲಿಯ ಸೇತುವೆ ಮುಳುಗಿ ಗಂಗಾವತಿಯ ದಾರಿ ಬಂದ್. ನಾನು ಹೋಗಬೇಕಾದ್ದು ಹೊಸಪೇಟೆಗೆ, ಆ ಸೇತುವೆಗೂ ನನಗೂ ಸಂಬಂಧವಿಲ್ಲ. ಆದರೂ, "ಸೇತುವಿ ಮುಳುಗೇತಿ, ಇವತ್ತು ಎಲ್ಲಿ ಹೊಕ್ಕೀರಿ?" ಎಂದು ನನ್ನ ಚಪ್ಪಲಿ ಒಳಗಿಡುತ್ತಾರೆ.

ಹೊಸಪೇಟೆಯ ಮನೆಗಳಲ್ಲಿ ಮಳೆಗಾಲದ ಬೆಳಗಿನ ಪಾರಾಯಣವೆಂದರೆ ಡ್ಯಾಂ ಮಟ್ಟ. ತುಂಬಿದ ಮಟ್ಟ 1633 ಅಡಿ. ಇವತ್ತೆಷ್ಟು, ಒಳಹರಿವೆಷ್ಟು, ಹೊರಹರಿವೆಷ್ಟು ಎಂದು ಮಾವ ಪೇಪರಿನಿಂದ ಗಟ್ಟಿಯಾಗಿ ಓದುತ್ತಾರೆ. ಹೆಂಡತಿ ಒಳಗಿನಿಂದ, "ನಮ್ಮ ಮನೀದು ಒಳಹರಿವು ಒಂದನೇ ತಾರೀಖು, ಹೊರಹರಿವು ಎರಡನೇ ತಾರೀಖು" ಎನ್ನುತ್ತಾಳೆ. 2024ರ ಆಗಸ್ಟ್ 10ರ ರಾತ್ರಿ, ತುಂಬಿ ನಿಂತಿದ್ದ ಜಲಾಶಯದ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಆ ವಾರ ಊರಿನಲ್ಲಿ ಪ್ರತಿಯೊಬ್ಬನೂ ಇಂಜಿನಿಯರು. ಗೇಟುಗಳ ತಜ್ಞ, ಇಳಿವಯಸ್ಸಿನ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ, ಭೋರ್ಗರೆಯುವ ನೀರಿನಲ್ಲೇ ತಾತ್ಕಾಲಿಕ ಗೇಟಿನ ತುಂಡುಗಳನ್ನು ಒಂದೊಂದಾಗಿ ಇಳಿಸಿ ಬಾಯಿ ಮುಚ್ಚಿದಾಗ ಜನ ಕುಣಿದರು. ನಮ್ಮ ಅಡುಗೆಮನೆಯ ನಲ್ಲಿ ಅದೇ ವಾರ ಸೋರುತ್ತಿತ್ತು. ನಾನು ವಾಷರು, ದಾರ, ಸ್ಪ್ಯಾನರು ಹರವಿಕೊಂಡು ಕೂತಿದ್ದೆ. ಸಂಜೆಗೆ ಸೋರುವ ನಲ್ಲಿ ಚಿಮ್ಮುವ ನಲ್ಲಿಯಾಯಿತು. ಅತ್ತೆ ಬಾಗಿಲಲ್ಲಿ ನಿಂತು, "ಅವರು ಹೊಳಿ ಹರಿಯೂ ಮುಂದನಾ ಗೇಟು ಕುಂಡ್ರಿಸಿದ್ರು. ನಿಮಗ ಮ್ಯಾಲಿನ ವಾಲ್ವ್ ಬಂದ್ ಮಾಡಿ ಕೊಟ್ಟೀವಿ" ಎಂದರು. ಪ್ಲಂಬರ್ ಬಂದು ಹೋದ ಮೇಲೂ ಆ ನಲ್ಲಿಗೆ ನಮ್ಮ ಮನೆಯಲ್ಲಿ ಹತ್ತೊಂಬತ್ತನೇ ಗೇಟು ಎಂದೇ ಹೆಸರು.

ಸಂಡೂರು ಬೇರೆಯೇ ಲೋಕ. ಮಳೆ ಬಿದ್ದ ಮೇಲೆ ಆ ಗುಡ್ಡಗಳನ್ನು ನೋಡಿದರೆ ಇದು ನಮ್ಮ ಬಿಸಿಲುಸೀಮೆಯ ಪಕ್ಕದ್ದೇ ಎಂದು ನಂಬುವುದು ಕಷ್ಟ. ನೆಲ ಕೆಂಪು, ಗುಡ್ಡ ಹಸಿರು, ನನ್ನ ಬಿಳಿ ಅಂಗಿ ಮಾತ್ರ ಅದಿರಿನ ಲಾರಿಗಳ ದಯದಿಂದ ಇಟ್ಟಿಗೆ ಬಣ್ಣ. ಅಲ್ಲಿಯ ಬೆಟ್ಟದ ಕುಮಾರಸ್ವಾಮಿ ಬ್ರಹ್ಮಚಾರಿ. ಹೆಂಗಸರು ಅವನ ದರ್ಶನಕ್ಕೆ ಹೋಗದ ಸಂಪ್ರದಾಯವಿದೆ. ಆದ್ದರಿಂದ ಆ ಬೆಟ್ಟದಲ್ಲಿ ನಾನೂ ಷಡ್ಡಕನೂ ಸ್ವಲ್ಪ ಹೊತ್ತು ಇಬ್ಬರೇ ಸಿಗುತ್ತೇವೆ. ಅಂಥದೊಂದು ಏಕಾಂತದಲ್ಲಿ ಅವನು ಸುತ್ತ ನೋಡಿ, ಮಿರ್ಚಿ ತಿಂದ ದಿನ ತಾನು ರಾತ್ರಿಯಿಡೀ ಮಜ್ಜಿಗೆ ಕುಡಿಯುತ್ತಾ ಕೂತಿದ್ದನ್ನು ಹೇಳಿದ. ಯಾರಿಗೂ ಹೇಳುವುದಿಲ್ಲವೆಂದು ದೇವರ ಮುಂದೆ ಮಾತು ತೆಗೆದುಕೊಂಡ. ಈ ಲೇಖನ ಅವನು ಓದುವುದಿಲ್ಲ. ಅವನು ಓದುವುದು ಅದಿರಿನ ದರ ಮಾತ್ರ.

ನಾವಿಬ್ಬರು ಬೆಟ್ಟದಲ್ಲಿದ್ದಾಗ ಅಕ್ಕತಂಗಿಯರು ಸಂಡೂರು ಕುಶಲ ಕಲಾ ಕೇಂದ್ರಕ್ಕೆ ಹೋಗಿದ್ದರು. ಸುತ್ತಲಿನ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳ ಕಸೂತಿಗೆ ಅಂಗಡಿ, ಮಾರುಕಟ್ಟೆ, ಹೆಸರು ಸಿಗಲೆಂದು 1984ರಲ್ಲಿ ಶುರುವಾದ ಸಂಸ್ಥೆ. ಸಂಡೂರು ಲಂಬಾಣಿ ಕಸೂತಿಗೆ ಆಮೇಲೆ ಜಿಐ ಮಾನ್ಯತೆಯೂ ಬಂತು. ಚೂರು ಕನ್ನಡಿ, ಕವಡೆ, ದಾರ; ಕಿಲನ್, ವೇಲೆ, ಮಾಕಿ, ಪೋಟೆ, ನಕ್ರಾ ಎಂದು ಹೊಲಿಗೆಗೊಂದು ಹೆಸರು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20ರ ಸಭೆ ನಡೆದಾಗ ಸಂಡೂರಿನ 450ಕ್ಕೂ ಹೆಚ್ಚು ಹೆಣ್ಣುಮಕ್ಕಳು ಹೊಲಿದ 1755 ವಸ್ತುಗಳನ್ನು ಒಂದೆಡೆ ಹರವಿ ಗಿನ್ನೆಸ್ ದಾಖಲೆ ಮಾಡಿದ್ದರು. ನನ್ನ ಹೆಂಡತಿ ಕಾರಿನಲ್ಲಿ ಭಾಗಾಕಾರ ಮಾಡಿದಳು. ತಲೆಗೆ ನಾಲ್ಕರ ಹತ್ತಿರ ಬಂತು. "ಅಷ್ಟು ಮಂದಿ ಒಬ್ಬೊಬ್ಬರು ನಾಕು ಮಾಡಿದ್ರ ನಾ ಒಂದು ಕೌದಿ ಹೊಲಿಯಾಕ ಆಗಂಗಿಲ್ಲೇನು?"

ಕೌದಿಗೆ ಹಳೆಯ ಬಟ್ಟೆ ಬೇಕು. ಮನೆಯಲ್ಲಿ ಹಳೆಯ ಬಟ್ಟೆ ಯಾರದು ಎನ್ನುವ ಪ್ರಶ್ನೆಗೆ ಕಪಾಟು ತೆರೆಯುವ ಮುಂಚೆಯೇ ಉತ್ತರ ಸಿದ್ಧವಿತ್ತು. ಮೊದಲು ನೀಲಿ ಚೌಕಳಿಯ ಲುಂಗಿ ಹೋಯಿತು. ಆಮೇಲೆ ಕಾಲೇಜು ದಿನದ ಅಂಗಿ, ಅಮ್ಮ ಕೊಡಿಸಿದ್ದ ಜುಬ್ಬ, ನಾನು ಇನ್ನೂ ಉಡುತ್ತಿದ್ದ ಒಂದು ಪಂಚೆ. ಪ್ರತಿಭಟಿಸಿದರೆ, "ಹಳೇದಲ್ಲ ಅಂತೀರಲ್ಲ, ಕಾಲರ್ ನೋಡ್ರಿ" ಎಂದು ಕಾಲರನ್ನೇ ಕತ್ತರಿಸಿ ಸಾಕ್ಷಿಗೆ ಕೊಟ್ಟಳು. ಕೌದಿಯ ಕೆಲಸದ ನಡುವೆ ಬೇಸರವಾದಾಗ ಕನ್ನಡಿ ಹೊಲಿಯುವ ಅಭ್ಯಾಸ ನನ್ನ ಬ್ಯಾಂಕಿನ ಚೀಲದ ಮೇಲೆ ನಡೆಯಿತು. ಕೌಂಟರಿನ ಮೇಲೆ ಚೀಲ ಇಟ್ಟರೆ ಪಿಂಚಣಿಗೆ ಬಂದ ಹಿರಿಯರು ಬಾಗಿ ಮೀಸೆ ತಿದ್ದಿಕೊಳ್ಳುತ್ತಾರೆ. ಅವರಲ್ಲೊಬ್ಬ ಲಂಬಾಣಿ ಅಜ್ಜಿ ಚೀಲವನ್ನು ತಿರುವಿ, ಹೊಲಿಗೆಯನ್ನು ಹಿಂಬದಿಯಿಂದ ನೋಡಿ, ನನ್ನ ಮುಖ ನೋಡಿ, ಏನೂ ಹೇಳದೆ ಪಾಸ್‌ಬುಕ್ ಮುಂದಿಟ್ಟಳು. ಮನೆಯಲ್ಲಿ ಕೇಳಿದಾಗ, "ಭಾಳ ಮೆಚ್ಚಿದ್ರು" ಎಂದೆ.

ಊರಿನ ಜೊತೆ ಬೆರೆಯಲು ನಾನು ಕಸರತ್ತು ಮಾಡಿಲ್ಲವೆಂದಲ್ಲ. ಮೊಹರಂ ಬಂದರೆ ಈ ಸೀಮೆಯ ಹಳ್ಳಿಗಳಲ್ಲಿ ಹಿಂದೂ ಮುಸ್ಲಿಂ ಎನ್ನದೆ ಎಲ್ಲರೂ ಅಲಾಯಿ ಕುಣಿಯುತ್ತಾರೆ. ಮುಸ್ಲಿಮರ ಒಂದು ಮನೆಯೂ ಇಲ್ಲದ ಊರಲ್ಲೂ ಪೀರಲ ದೇವರು ಕೂಡುವುದುಂಟು. ಹಲಗೆ ಬಿದ್ದಾಗ ಯಾರೋ ನನ್ನನ್ನು ಸುತ್ತಿನೊಳಗೆ ಎಳೆದರು. ಎಲ್ಲರೂ ಬಲಕ್ಕೆ ಸರಿದಾಗ ನಾನು ಎಡಕ್ಕೆ ಸರಿದೆ. ಮುಂದಿನ ಸುತ್ತಿನಲ್ಲಿ ನನ್ನ ಎರಡೂ ಪಕ್ಕದವರು ನನ್ನ ತೋಳು ಬಿಗಿಯಾಗಿ ಹಿಡಿದು, ನನ್ನ ಕಾಲು ನೆಲಕ್ಕೆ ತಾಗದ ಹಾಗೆ ಕುಣಿಸಿದರು. ಚೆನ್ನಾಗಿ ಕುಣಿದೆ ಎಂದು ಹೆಸರು ಬಂತು.

ಇನ್ನು ಉಳಿದದ್ದು ನಾಟಕ. ಮರಿಯಮ್ಮನಹಳ್ಳಿ ಇಲ್ಲೇ ಪಕ್ಕದಲ್ಲಿದೆ, ರಂಗಭೂಮಿಯ ಊರು. ಜೋಗತಿ ನೃತ್ಯಕ್ಕೆ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿ ಅಲ್ಲಿಯವರು. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಅವರು ಸೆರಗು ಹಿಡಿದು ರಾಷ್ಟ್ರಪತಿಗಳಿಗೇ ದೃಷ್ಟಿ ತೆಗೆದದ್ದನ್ನು ಟಿವಿಯಲ್ಲಿ ನೋಡಿ ಅತ್ತೆ ಆ ಸಂಜೆ ಮನೆಮಂದಿಗೆಲ್ಲ ದೃಷ್ಟಿ ತೆಗೆದರು, ನನಗೆ ಸ್ವಲ್ಪ ಹೆಚ್ಚು ಮೆಣಸಿನಕಾಯಿ ಸುಟ್ಟು. ಮಾವನಿಗಂತೂ ನಾಟಕದ ಹುಚ್ಚು ರಕ್ತದಲ್ಲಿದೆ. ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಯಲ್ಲಿ ಸುಭದ್ರಮ್ಮ ಮನ್ಸೂರರ ದ್ರೌಪದಿಯನ್ನು ಕಂಡವರು ಅವರು. ಆ ಮಾತು ಎತ್ತಿದರೆ ಇವತ್ತಿಗೂ ಕಣ್ಣೊರೆಸಿಕೊಳ್ಳುತ್ತಾರೆ, ಮಿರ್ಚಿಯ ಸಹಾಯವಿಲ್ಲದೆ.

ಅವರ ದಾಯಾದಿಗಳ ಹಳ್ಳಿಯಲ್ಲಿ ಜಾತ್ರೆಗೆ ಅದೇ ನಾಟಕ. ತಾಲೀಮಿಗೆ ಹಾರ್ಮೋನಿಯಂ ಮಾಸ್ತರು ಬಂದರು. ಬೀಗರ ಮನೆಯ ಅಳಿಯನಿಗೆ ಪಾರ್ಟು ಕೊಡದಿದ್ದರೆ ಮಾನಕ್ಕೆ ಕಡಿಮೆಯೆಂದು ಮಾಸ್ತರು ನನಗಾಗಿ ಪಾಂಡವರ ಬಿಡಾರಕ್ಕೆ ಒಬ್ಬ ಕಾವಲುಗಾರನನ್ನು ಸೇರಿಸಿದರು. ನಡುರಾತ್ರಿ ಅಶ್ವತ್ಥಾಮ ಬರುತ್ತಾನೆ. ನಾನು "ಯಾರಲ್ಲಿ?" ಎನ್ನಬೇಕು. ಅವನು ಕತ್ತಿ ಬೀಸುತ್ತಾನೆ. ನಾನು ಸಾಯಬೇಕು. ಆ ಒಂದು ಮಾತನ್ನೂ ನಾನು "ಯಾರದೂ?" ಎಂದು ತುಮಕೂರಿನ ರಾಗದಲ್ಲಿ ಎಳೆದು, ಮಾಸ್ತರು ತಾಲೀಮಿನುದ್ದಕ್ಕೂ ತಲೆ ಚಚ್ಚಿಕೊಂಡರು. ಕಾವಲುಗಾರನ ವೇಷಕ್ಕೆ ಮೈಮೇಲೆ ಹೊದೆಯಲು ಹೆಂಡತಿ ಹೊಸ ಕೌದಿ ಕೊಟ್ಟಳು. ಹೀಗೆ ನನ್ನ ಲುಂಗಿ, ಅಂಗಿ, ಜುಬ್ಬ, ಪಂಚೆ ಎಲ್ಲವೂ ನನ್ನ ಜೊತೆ ರಂಗ ಹತ್ತಿದವು.

ಆ ರಾತ್ರಿ ಮಾತು ತಪ್ಪಲಿಲ್ಲ. "ಯಾರಲ್ಲಿ?" ಎಂದೆ. ಅಶ್ವತ್ಥಾಮ ಬೀಸಿದ. ಸತ್ತೆ. ಚೆನ್ನಾಗಿಯೇ ಸತ್ತೆನೆಂದು ಕಾಣುತ್ತದೆ, ಸಿಳ್ಳೆ ಬಿತ್ತು. ಅಶ್ವತ್ಥಾಮ ಬಿಡಾರದ ಪರದೆಗೆ ಕೈಯಿಟ್ಟದ್ದೇ ಮೈಕು ಕೂಗಿತು: "ಹೊಸಪೇಟೆಯ ಹಿರಿಯ ಅಳಿಯಂದಿರ ಅಮೋಘ ಅಭಿನಯವನ್ನು ಮೆಚ್ಚಿ, ಅವರ ಅತ್ತೆಯವರ ತವರಾದ ಕಂಪ್ಲಿಯಿಂದ ಒಂದು ಶರ್ಟ್ ಪೀಸು, ಒಂದು ಟವೆಲ್ಲು, ಐವತ್ತೊಂದು ರೂಪಾಯಿ ಆಯೇರಿ!" ಈ ಕಡೆಯ ನಾಟಕಗಳಲ್ಲಿ ನಡುವೆಯೇ ರಂಗಕ್ಕೆ ಹತ್ತಿ ಉಡುಗೊರೆ ಕೊಡುವುದು ರೂಢಿ, ಅದು ಬಂದಾಗ ಕುರುಕ್ಷೇತ್ರವೂ ನಿಲ್ಲಬೇಕು. ಕಂಪ್ಲಿಯ ಮೇಷ್ಟ್ರು ಹಾರ ಹಿಡಿದು ನಿಂತಿದ್ದರು. ಸತ್ತವನು ಎದ್ದೆ. ಹಾರ ಹಾಕಿಸಿಕೊಂಡು, ಕಾಲಿಗೆ ನಮಸ್ಕರಿಸಿ, ಶರ್ಟ್ ಪೀಸು ಕಂಕುಳಲ್ಲಿಟ್ಟುಕೊಂಡು ಮತ್ತೆ ಅದೇ ಜಾಗದಲ್ಲಿ ಸತ್ತೆ. "ಸಂಡೂರಿನ ಷಡ್ಡಕರಿಂದ ಒಂದು ಶಾಲು!" ಎದ್ದೆ. ಸತ್ತೆ. "ದಾಯಾದಿಗಳಿಂದ..." ಹಾರ್ಮೋನಿಯಂ ಮಾಸ್ತರು ಪ್ರತಿಸಲ ನಾನು ಮಲಗುವಾಗಲೂ ಶೋಕರಾಗ ನುಡಿಸಿ ಸುಸ್ತಾದರು. ಒಳಗೆ ಮಲಗಿದ್ದ ಉಪಪಾಂಡವರಲ್ಲಿ ಇಬ್ಬರು ನಿಜವಾಗಿಯೇ ನಿದ್ದೆ ಹೋಗಿದ್ದರು.

ಮುಂದಿನ ಸಾಲಿನಲ್ಲಿ ಹೆಂಡತಿ ಶರ್ಟ್ ಪೀಸಿನ ಬಣ್ಣವನ್ನು ನನ್ನ ಮೈಮೇಲಿನ ಕೌದಿಗೆ ಹೋಲಿಸಿ ನೋಡುತ್ತಿದ್ದಳು. ಅಶ್ವತ್ಥಾಮ ಕತ್ತಿಯನ್ನು ಊರುಗೋಲು ಮಾಡಿಕೊಂಡು ನನ್ನ ಕಿವಿಯ ಹತ್ತಿರ ಬಾಗಿದ.

"ಇನ್ನ ಎಷ್ಟು ಮಂದಿ ಬೀಗರು ಅದಾರ್ರೀ ನಿಮಗ? ಬೆಳಕು ಹರಿಯೂದ್ರಾಗ ನಾ ಒಳಗ ಹೋಗಿ ಐದು ಮಂದೀನ ಮುಗಸಬೇಕು."

ಅಷ್ಟರಲ್ಲಿ ಅತ್ತೆ ಸ್ಟೀಲ್ ಡಬ್ಬಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. "ನೀವೂ ಒಂದು ತಗೋರಿ" ಎಂದು ಅಶ್ವತ್ಥಾಮನ ಕೈಗೂ ಒಂದು ಬಿಸಿ ಮಿರ್ಚಿ ಇಟ್ಟರು.